ಬುದ್ಧನ ಚರಿತೆ: ಸನ್ನತಿಯ ಶಿಲೆ ಮತ್ತು ದೇವಸೇನಾಚಾರ್ಯರ ‘ದರ್ಶನಸಾರ’

ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ನಾಲ್ಕು ಗುಡ್ಡಗಳು, ದೂರದಿಂದ ಒಂದು ನಿಶ್ಚಿತ ದಿಕ್ಕಿನಲ್ಲಿ ನಿಂತು ನೋಡಿದಾಗ, ಮಲಗಿದ ಮನುಷ್ಯಾಕೃತಿಯಾಗಿ ತೋರುತ್ತವೆ. ಜನರು ಇದನ್ನು ‘ಬುದ್ಧ ಮಲಗಿದ ಬೆಟ್ಟ’ವೆಂದು ಕರೆಯುತ್ತಾರೆ. ಬುದ್ಧನು ಅಂತ್ಯಕಾಲದಲ್ಲಿ ಬಲಮಗ್ಗುಲಾಗಿ ಸಿಂಹಶಯ್ಯೆಯಲ್ಲಿ ಮಲಗಿದನೆಂದು ಪಾಲಿಯ ಮಹಾಪರಿನಿಬ್ಬಾನಸುತ್ತವು ಹೇಳುತ್ತದೆ. ಶಹಾಪುರದ ಆಕೃತಿಯಾದರೋ ಆಕಾಶಕ್ಕೆ ಮುಖಮಾಡಿದೆ. ಬಂಡೆ ಒಂದೇ, ಆಕೃತಿ ನೋಡುವವನು ನಿಂತ ನೆಲೆಯದು. ಬುದ್ಧನ ಚರಿತೆಯನ್ನು ಬರೆದ ಪ್ರಾಚೀನರ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಜೈನ ಗ್ರಂಥಕಾರರು ಇದಕ್ಕೆ ಹೊರತಲ್ಲ.

ಶಹಾಪುರಕ್ಕೆ ಸಮೀಪದಲ್ಲಿ, ಭೀಮಾನದಿಯ ದಡದ ಸನ್ನತಿಯ ಬಳಿ ಕನಗನಹಳ್ಳಿ ಇದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು 1994ರಿಂದ ಇಲ್ಲಿ ನಡೆಸಿದ ಉತ್ಖನನದಲ್ಲಿ ಮಹಾಸ್ತೂಪವೊಂದು ಬೆಳಕಿಗೆ ಬಂದಿತು. ಶಾಸನಗಳಲ್ಲಿ ಇದರ ಹೆಸರು ‘ಅಧೋಲೋಕ ಮಹಾಚೈತ್ಯ’. ‘ರಾಯೋ ಅಸೋಕೋ’ ಎಂಬ ಬ್ರಾಹ್ಮೀ ಬರಹವುಳ್ಳ ಶಿಲ್ಪ ದೊರೆತುದು ಇಲ್ಲಿಯೇ. ಇಲ್ಲಿಯ ಹಳೆಯ ಫಲಕಗಳಲ್ಲಿ ಬುದ್ಧನಿಗೆ ಮನುಷ್ಯರೂಪವಿಲ್ಲ. ಬೋಧಿವೃಕ್ಷ, ಧರ್ಮಚಕ್ರ, ಪಾದಗಳೇ ಅವನ ಸನ್ನಿಧಿಯನ್ನು ಸೂಚಿಸುತ್ತವೆ. ತರುವಾಯದ ಶಿಲ್ಪಿಗಳು ಅದೇ ಸ್ತೂಪಕ್ಕೆ ಬುದ್ಧಪ್ರತಿಮೆಗಳನ್ನು ಸೇರಿಸಿದರು. ಒಂದೇ ಸ್ಥಳದಲ್ಲಿ ಚರಿತೆಯ ಎರಡು ಸ್ತರಗಳು ಹೀಗೆ ಒಟ್ಟಿಗಿವೆ.

ಗ್ರಂಥಗಳಲ್ಲಿಯೂ ಇಂಥ ಸ್ತರಗಳುಂಟು. ಮಜ್ಝಿಮನಿಕಾಯದ ಅರಿಯಪರಿಯೇಸನಸುತ್ತದಲ್ಲಿ ಬುದ್ಧನ ಗೃಹತ್ಯಾಗವು ಕೆಲವೇ ಮಾತುಗಳಲ್ಲಿ ಬಂದಿದೆ: ತಾಯಿತಂದೆಯರು ಅಳುತ್ತಿರಲು ಅವನು ಕೇಶವನ್ನು ತೆಗೆಸಿ ಕಾಷಾಯವನ್ನುಟ್ಟು ಹೊರಟನು. ವೃದ್ಧ, ರೋಗಿ, ಶವ, ಸಂನ್ಯಾಸಿ ಎಂಬ ನಾಲ್ಕು ದರ್ಶನಗಳ ಕಥೆ ಅಲ್ಲಿಲ್ಲ. ದೀಘನಿಕಾಯದ ಮಹಾಪದಾನಸುತ್ತದಲ್ಲಿ ಆ ಕಥೆ ಇರುವುದು ಪೂರ್ವಬುದ್ಧನಾದ ವಿಪಸ್ಸಿಯ ಸಂಬಂಧದಲ್ಲಿ. ಅಶ್ವಘೋಷನ ‘ಬುದ್ಧಚರಿತ’ ಮತ್ತು ಪಾಲಿಯ ‘ನಿದಾನಕಥಾ’ಗಳ ವೇಳೆಗೆ ಅದು ಗೌತಮನದೇ ಕಥೆಯಾಗಿ, ನಡುರಾತ್ರಿಯ ನಿರ್ಗಮನವಾಗಿ ಬೆಳೆದಿತ್ತು. ಈ ಭೇದವನ್ನು ಧರ್ಮಾನಂದ ಕೋಸಂಬಿಯವರು ತಮ್ಮ ಮರಾಠಿ ಗ್ರಂಥ ‘ಭಗವಾನ್ ಬುದ್ಧ’ದಲ್ಲಿ ಸ್ಪಷ್ಟಪಡಿಸಿದ್ದಾರೆ. ಭಕ್ತಿಯಿಂದ ಬರೆದವರೇ ಚರಿತೆಯನ್ನು ಇಷ್ಟು ಬೆಳೆಸಿರುವಾಗ, ವಾದಕ್ಕಾಗಿ ಬರೆದವರ ಮಾತನ್ನು ಇನ್ನೂ ಹೆಚ್ಚು ಎಚ್ಚರದಿಂದ ನೋಡಬೇಕಾಗುತ್ತದೆ.

ದಿಗಂಬರ ಆಚಾರ್ಯರಾದ ದೇವಸೇನರು ‘ದರ್ಶನಸಾರ’ವನ್ನು ವಿಕ್ರಮ ಸಂವತ್ 990ರಲ್ಲಿ, ಅಂದರೆ ಕ್ರಿ.ಶ. 933ರ ಸುಮಾರಿಗೆ, ಧಾರಾನಗರದ ಪಾರ್ಶ್ವನಾಥ ಜಿನಾಲಯದಲ್ಲಿ ರಚಿಸಿದರು. ಅದರಲ್ಲಿ ಬುದ್ಧನ ವೃತ್ತಾಂತವು ಹೀಗಿದೆ: ಪಾರ್ಶ್ವನಾಥ ತೀರ್ಥದಲ್ಲಿ ಸರಯೂತೀರದ ಪಲಾಶನಗರದಲ್ಲಿ ಪಿಹಿತಾಸ್ರವ ಮುನಿಯ ಶಿಷ್ಯನಾದ ಬುದ್ಧಕೀರ್ತಿ ಎಂಬುವನಿದ್ದನು, ಅವನು ಮತ್ಸ್ಯಾಹಾರದಿಂದ ದೀಕ್ಷಾಭ್ರಷ್ಟನಾಗಿ, ರಕ್ತಾಂಬರವನ್ನು ಧರಿಸಿ ಏಕಾಂತಮತವನ್ನು ಪ್ರವರ್ತಿಸಿದನು, ಕರ್ಮವನ್ನು ಮಾಡುವವನು ಒಬ್ಬ, ಫಲವನ್ನು ಉಣ್ಣುವವನು ಮತ್ತೊಬ್ಬ ಎಂದು ಬೋಧಿಸಿದನು.

ಇದನ್ನು ಬುದ್ಧನ ಜೀವನವೃತ್ತವೆಂದು ಎಣಿಸಬಹುದೇ? ಬುದ್ಧನಿಗೂ ದೇವಸೇನರಿಗೂ ನಡುವೆ ಸುಮಾರು ಹದಿನಾಲ್ಕು ಶತಮಾನಗಳ ಅಂತರವಿದೆ. ವೃತ್ತಾಂತದಲ್ಲಿ ಹೇಳಿದ ಮೂರು ದೋಷಗಳೂ ಬೌದ್ಧ ಸಂಘಕ್ಕೆ ಸಂಬಂಧಿಸಿದವು. ತನಗಾಗಿ ಕೊಂದುದೆಂದು ಕಾಣದ, ಕೇಳದ, ಶಂಕಿಸದ ಮತ್ಸ್ಯಮಾಂಸವನ್ನು ಭಿಕ್ಷೆಯಲ್ಲಿ ಸ್ವೀಕರಿಸಲು ವಿನಯಪಿಟಕವು ಒಪ್ಪುತ್ತದೆ. ಕಾಷಾಯವು ಭಿಕ್ಷುಗಳ ವೇಷ. ಮೂರನೆಯದು ಕ್ಷಣಿಕವಾದದ ಮೇಲೆ ಜೈನ ತಾರ್ಕಿಕರು ಹೊರಿಸುತ್ತ ಬಂದ ಕೃತನಾಶ-ಅಕೃತಾಭ್ಯಾಗಮ ದೋಷ. ಸಂಘದ ಆಚಾರವಿಚಾರಗಳ ಮೇಲಿನ ಆಕ್ಷೇಪವನ್ನೇ ಗ್ರಂಥಕಾರರು ಸ್ಥಾಪಕನೊಬ್ಬನ ಪತನದ ಕಥೆಯಾಗಿಸಿದ್ದಾರೆ.

ಇತರ ಸಂಘಗಳ ಉತ್ಪತ್ತಿಯನ್ನೂ ಅವರು ಇದೇ ಕ್ರಮದಲ್ಲಿ ಹೇಳುತ್ತಾರೆ. ಯಾಪನೀಯ ಸಂಘವು ಕಲ್ಯಾಣನಗರದಲ್ಲಿ ಶ್ವೇತಪಟ ಶ್ರೀಕಲಶನಿಂದ ವಿಕ್ರಮ ಸಂವತ್ 705ರಲ್ಲಿ ಹುಟ್ಟಿತೆಂದು ಗ್ರಂಥದ ಒಂದು ಪಾಠ. 205 ಎಂದು ಪಾಠಾಂತರ. ಆದರೆ ಕದಂಬ ಮೃಗೇಶವರ್ಮನು ಐದನೆಯ ಶತಮಾನದಲ್ಲಿಯೇ ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ ದಾನವಿತ್ತುದಕ್ಕೆ ಹಲಸಿಯ ತಾಮ್ರಶಾಸನವು ಸಾಕ್ಷಿಯಾಗಿದೆ. 705ರ ಪಾಠವು ಇದರ ಮುಂದೆ ನಿಲ್ಲದು. ಯಾಪನೀಯರ ವಿಷಯದಲ್ಲಿ ಶಾಸನವನ್ನು ಪ್ರಮಾಣವಾಗಿ ಹಿಡಿಯುವ ವಿದ್ವಾಂಸರು ಬುದ್ಧನ ವಿಷಯದಲ್ಲಿ ಬೇರೆ ತಕ್ಕಡಿಯನ್ನು ಹಿಡಿಯುವುದು ನ್ಯಾಯವಲ್ಲ.

ಹಾಗೆಂದು ದೇವಸೇನರ ಮಾತು ನಿರರ್ಥಕವೂ ಅಲ್ಲ. ಮಜ್ಝಿಮನಿಕಾಯದ ಮಹಾಸೀಹನಾದಸುತ್ತದಲ್ಲಿ ಬುದ್ಧನು ಬೋಧಿಗೆ ಮುಂಚಿನ ತನ್ನ ತಪಸ್ಸನ್ನು ವರ್ಣಿಸುತ್ತಾನೆ: ಅಚೇಲಕನಾಗಿದ್ದುದು, ಆಮಂತ್ರಿತ ಭಿಕ್ಷೆಯನ್ನು ಒಲ್ಲದಿದ್ದುದು, ಕೇಶಲೋಚ ಮಾಡಿಕೊಂಡುದು. ಈ ಆಚಾರಗಳು ನಿರ್ಗ್ರಂಥ ಮುನಿಚರ್ಯೆಗೆ ಎಷ್ಟು ಸಮೀಪವೆಂಬುದನ್ನು ಪಂಡಿತರಿಗೆ ವಿವರಿಸಬೇಕಾಗಿಲ್ಲ. ಪಾರ್ಶ್ವನ ಚಾತುರ್ಯಾಮಧರ್ಮದ ಪ್ರಭಾವವು ಬುದ್ಧನ ಮೇಲೆ ಆಗಿತ್ತೆಂದು ಕೋಸಂಬಿಯವರೂ ಪ್ರತಿಪಾದಿಸಿದ್ದಾರೆ. ಪಿಹಿತಾಸ್ರವನ ಶಿಷ್ಯತ್ವದ ಕಥೆಯ ಹಿಂದೆ ಇಂಥ ಹಳೆಯ ಸಂಬಂಧದ ನೆನಪು ಇರಬಹುದು. ಆದರೆ ಅದು ಊಹೆ. ಪಲಾಶನಗರದ ಮತ್ಸ್ಯಪ್ರಸಂಗಕ್ಕೆ ಪಾಲಿ ಸುತ್ತವು ಆಧಾರವಾಗಲಾರದು.

ಆದುದರಿಂದ ಸಂಪಾದಕನ ಕರ್ತವ್ಯ ಎರಡು ಬಗೆಯದು. ಗಾಹೆಗಳ ಒಂದಕ್ಷರವನ್ನೂ ಮೃದುಗೊಳಿಸದೆ, ಬಿಡದೆ, ಪಾಠವನ್ನು ಶುದ್ಧವಾಗಿ ಕೊಡಬೇಕು. ಅದರೊಡನೆ, ಅವು ಹತ್ತನೆಯ ಶತಮಾನದ ಮತಖಂಡನೆಯ ಸಾಕ್ಷ್ಯವೇ ಹೊರತು ಬುದ್ಧನ ಕಾಲದ ಸಾಕ್ಷ್ಯವಲ್ಲವೆಂಬುದನ್ನು ಪೀಠಿಕೆಯಲ್ಲಿ ಸ್ಪಷ್ಟವಾಗಿ ನಮೂದಿಸಬೇಕು. ಪರಪಕ್ಷವನ್ನು ಅದರ ನಯದಿಂದ ಅರಿಯುವುದು ಅನೇಕಾಂತಕ್ಕೆ ಹೊಸತಲ್ಲ.

1986ರಲ್ಲಿ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನಶಿಲೆಯೆಂದು ತಿಳಿದುಬಂದಿತು. ಅದರಲ್ಲಿ ಹನ್ನೆರಡನೆಯ ಶಿಲಾಶಾಸನವೂ ಇದೆ. ಸ್ವಮತದ ಅಭಿಮಾನದಿಂದ ಪರಮತವನ್ನು ಹಳಿಯುವವನು ಸ್ವಮತಕ್ಕೇ ಹಾನಿಯನ್ನುಂಟುಮಾಡುತ್ತಾನೆ, ಆದುದರಿಂದ ವಾಕ್ಸಂಯಮ ಬೇಕು ಎಂಬುದು ಅದರ ತಾತ್ಪರ್ಯ. ಶತಮಾನಗಳ ಕಾಲ ದೇವಿಯ ಪೀಠವಾಗಿದ್ದ ಆ ಕಲ್ಲಿನ ಮಾತನ್ನು, ಭಾಷಾಸಮಿತಿಯನ್ನು ವ್ರತಿಗಳಿಗೆ ವಿಧಿಸಿದ ಜಿನಧರ್ಮದ ಗ್ರಂಥಸಂಪಾದಕರು ಪರಕೀಯವೆಂದು ತಿಳಿಯಬೇಕಾಗಿಲ್ಲ.