ಮಳೆಗಾಲದ ಬಿಡುವಿನಲ್ಲಿ ಫುಟ್ಬಾಲ್ ಮಕ್ಕಳ ತರಬೇತಿ

ಕಾಸರಗೋಡು: ಮಲಬಾರಿನಲ್ಲಿ ಫುಟ್ಬಾಲಿಗೂ ಒಂದು ಸುಗ್ಗಿ ಇದೆ. ಕೊಯ್ಲು ಮುಗಿದು ಗದ್ದೆಯ ನೆಲ ಗಟ್ಟಿಯಾದ ಮೇಲೆ, ಸುಮಾರು ನವೆಂಬರಿನಿಂದ ಮೇ ತನಕ, ಸೆವೆನ್ಸ್ ಪಂದ್ಯಗಳ ಭರಾಟೆ. ತಂಡಕ್ಕೆ ಏಳೇ ಮಂದಿ, ರಾತ್ರಿ ದೀಪದ ಬೆಳಕಿನಲ್ಲಿ ಆಟ, ಸುತ್ತ ಊರಿಗೆ ಊರೇ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಎಲ್ಲ ತಣ್ಣಗಾಗುತ್ತದೆ.

ದೊಡ್ಡ ಆಟಗಾರರಿಗೆ ಇದು ವಿಶ್ರಾಂತಿಯ ಕಾಲ. ಆದರೆ 12-15 ವರ್ಷದ ಚುರುಕು ಹುಡುಗನಿಗೆ ಹಾಗಲ್ಲ. ಬೇಸಿಗೆ ರಜೆಯಲ್ಲಿ ಬೆಳಿಗ್ಗೆ ಶಿಬಿರ, ಸಂಜೆ ಕ್ಲಬ್ಬಿನ ಆಟ; ಶಾಲೆ ತೆರೆದೊಡನೆ ಶಾಲಾ ತಂಡದ ಆಯ್ಕೆ. ಚೆನ್ನಾಗಿ ಆಡುವವನನ್ನೇ ಎಲ್ಲರೂ ಕರೆಯುತ್ತಾರೆ, ಅವನು ಬೇಡವೆನ್ನುವುದಿಲ್ಲ. ಹೀಗೆ ವರ್ಷದ ಹನ್ನೆರಡು ತಿಂಗಳೂ ಒಂದೇ ಆಟ ಆಡಿದ ಹುಡುಗ ಹದಿನೇಳಕ್ಕೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಮೈದಾನದ ಹೊರಗೆ ಕುಳಿತಿರುತ್ತಾನೆ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆ ಸ್ಪಷ್ಟವಾಗಿದೆ. ಒಂದೇ ಕ್ರೀಡೆಯಲ್ಲಿ ತೊಡಗಿದ ಮಕ್ಕಳಿಗೆ ವರ್ಷದಲ್ಲಿ ಒಟ್ಟು ಮೂರು ತಿಂಗಳಾದರೂ ಆ ಆಟದಿಂದ ಬಿಡುವು ಬೇಕು. ಅದನ್ನು ಒಂದೊಂದು ತಿಂಗಳಾಗಿ ಹಂಚಿಕೊಳ್ಳಬಹುದು. ವಾರದಲ್ಲಿ ಒಂದೆರಡು ದಿನ ಪೂರ್ತಿ ರಜೆ. ಬಿಡುವೆಂದರೆ ಚಾಪೆ ಹಾಸಿ ಮಲಗುವುದಲ್ಲ. ಈಜು, ಸೈಕಲ್, ಶಟಲ್, ಕಬಡ್ಡಿ ಯಾವುದೂ ಆದೀತು. ಹೆಚ್ಚು ವಾರ ಸುಮ್ಮನೆ ಕುಳಿತರೆ ದಮ್ಮು ಇಳಿಯುತ್ತದೆ. ಮತ್ತೆ ಮೈದಾನಕ್ಕಿಳಿದ ಮೊದಲ ದಿನಗಳಲ್ಲೇ ಪೆಟ್ಟಾಗುವುದು ಹೆಚ್ಚು.

ಬೆಳೆಯುವ ಎಲುಬಿನ ನೋವು

ಮನೆಯವರು ಮುಖ್ಯವಾಗಿ ತಿಳಿದಿರಬೇಕಾದ ವಿಷಯ ಇದು. ಗಂಡುಮಕ್ಕಳು ಸುಮಾರು 13-14ರಲ್ಲಿ, ಹೆಣ್ಣುಮಕ್ಕಳು 12ರ ಆಸುಪಾಸಿನಲ್ಲಿ ಅತಿ ವೇಗವಾಗಿ ಎತ್ತರ ಬೆಳೆಯುತ್ತಾರೆ. ಎಲುಬು ಬೇಗ ಉದ್ದವಾಗುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ಆಗ ಬಿಗಿಯಾದ ಸ್ನಾಯು, ಇನ್ನೂ ಮೆತ್ತಗಿರುವ ಎಲುಬಿನ ತುದಿಯನ್ನು ಜಗ್ಗುತ್ತದೆ. ಹಿಮ್ಮಡಿಯ ಹಿಂಬದಿ ನೋವು ಬಂದರೆ ಅದನ್ನು ವೈದ್ಯರು ಸೀವರ್ಸ್ ಎನ್ನುತ್ತಾರೆ. ಮೊಣಕಾಲ ಚಿಪ್ಪಿನ ಕೆಳಗೆ ಗುಬುಟು ಎದ್ದು ನೋಯುವುದಕ್ಕೆ ಆಸ್‌ಗುಡ್-ಶ್ಲಾಟರ್ ಎಂದು ಹೆಸರು. ಎರಡೂ ಸಾಮಾನ್ಯವಾಗಿ ಬೆಳವಣಿಗೆ ನಿಂತಾಗ ತಾನಾಗಿ ಹೋಗುತ್ತವೆ. ಅಲ್ಲಿಯವರೆಗೆ ಓಟ, ಜಿಗಿತ ಕಡಿಮೆ ಮಾಡುವುದೇ ಮದ್ದು. ಎಣ್ಣೆ ತಿಕ್ಕಿ, ನೋವಿನ ಮಾತ್ರೆ ನುಂಗಿಸಿ ಪಂದ್ಯಕ್ಕೆ ಕಳುಹಿಸುವುದು ತಪ್ಪು. ಕುಂಟುತ್ತಿದ್ದರೆ, ರಾತ್ರಿ ನೋವಿನಿಂದ ಎಚ್ಚರವಾದರೆ ವೈದ್ಯರಿಗೆ ತೋರಿಸಬೇಕು.

ಗೋಡೆಗೆ ನಿಲ್ಲಿಸಿ ಮೂರು ತಿಂಗಳಿಗೊಮ್ಮೆ ಪೆನ್ಸಿಲಿನಲ್ಲಿ ಎತ್ತರದ ಗೆರೆ ಎಳೆದಿಟ್ಟರೆ ಸಾಕು. ಗೆರೆ ಸರಸರನೆ ಮೇಲೇರುತ್ತಿದ್ದರೆ ಆ ತಿಂಗಳುಗಳಲ್ಲಿ ಆಟದ ಹೊರೆ ಇಳಿಸಬೇಕೆಂದು ಅರ್ಥ. ಕಾಸು ಖರ್ಚಿಲ್ಲದ ಉಪಾಯ.

ಶಾಲೆಯ ವರಾಂಡವೇ ಸಾಕು

ಫಿಫಾದ ವೈದ್ಯಕೀಯ ವಿಭಾಗ 2006ರಲ್ಲಿ ‘11+’ ಎಂಬ ವ್ಯಾಯಾಮ ಕ್ರಮವನ್ನು ರೂಪಿಸಿತು. ಒಟ್ಟು 15 ವ್ಯಾಯಾಮ, ಸುಮಾರು 20 ನಿಮಿಷ. ಮೊದಲು 8 ನಿಮಿಷ ಹಗುರ ಓಟ, ನಡುವೆ 10 ನಿಮಿಷ ಬಲ, ಸಮತೋಲ, ಜಿಗಿತ, ಕೊನೆಗೆ 2 ನಿಮಿಷ ವೇಗದ ಓಟ. ವಾರಕ್ಕೆ ಎರಡು ಸಲವಾದರೂ ಮಾಡಬೇಕು. ನಾರ್ವೆಯ 125 ಕ್ಲಬ್ಬುಗಳ 13-17 ವಯಸ್ಸಿನ 1,892 ಹುಡುಗಿಯರ ಮೇಲೆ ಇದನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ತೀವ್ರ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದಿದ್ದವು. 7ರಿಂದ 13ರ ಮಕ್ಕಳಿಗೆ ಪ್ರತ್ಯೇಕ ಕ್ರಮವಿದೆ. ಯುರೋಪಿನ ನಾಲ್ಕು ದೇಶಗಳಲ್ಲಿ ನಡೆದ ಪರೀಕ್ಷೆಯಲ್ಲಿ ಅದು ಗಾಯಗಳನ್ನು ಶೇ. 48ರಷ್ಟು ತಗ್ಗಿಸಿತೆಂದು 2018ರಲ್ಲಿ ವರದಿಯಾಯಿತು. ಇದಕ್ಕೆ ಜಿಮ್ ಬೇಡ, ಯಂತ್ರ ಬೇಡ.

ಅದರಲ್ಲೊಂದು ವ್ಯಾಯಾಮ ತೊಡೆಯ ಹಿಂಬದಿಯ ಸ್ನಾಯುವಿಗೆ. ಮೊಣಕಾಲೂರಿ ನೆಟ್ಟಗೆ ನಿಲ್ಲಬೇಕು, ಜೊತೆಗಾರ ಹಿಂದಿನಿಂದ ಕಣಕಾಲನ್ನು ಗಟ್ಟಿಯಾಗಿ ಹಿಡಿಯಬೇಕು. ಸೊಂಟ ಬಾಗಿಸದೆ ಮೈಯನ್ನು ನಿಧಾನಕ್ಕೆ ಮುಂದಕ್ಕೆ ಇಳಿಸಿ, ತಡೆಯಲಾರದಾಗ ಕೈಯೂರಬೇಕು. ಮೊದಮೊದಲು 3-5 ಸಲ ಸಾಕು. ಮರುದಿನ ಸ್ನಾಯು ನೋಯುವುದು ಸಹಜ. ಕಸರತ್ತು ಮಾಡಿದರೆ ಮಕ್ಕಳು ಗಿಡ್ಡವಾಗುತ್ತಾರೆಂಬ ನಂಬಿಕೆಗೆ ಆಧಾರವಿಲ್ಲ. ತಿಳಿದವರ ಎದುರು ಕ್ರಮವಾಗಿ ಮಾಡಿದರೆ ತೊಂದರೆಯಿಲ್ಲ.

ಚೆಂಡನ್ನು ಪೂರ್ತಿ ದೂರವಿಡಬೇಕಿಲ್ಲ. ವಿಶ್ರಾಂತಿಯ ತಿಂಗಳು ಕಳೆದ ಮೇಲೆ ಎಡಗಾಲನ್ನು ಪಳಗಿಸಲು ಮಳೆಗಾಲಕ್ಕಿಂತ ಒಳ್ಳೆಯ ಸಮಯವಿಲ್ಲ. ಗೋಡೆಗೆ ಒದ್ದು ಹಿಂದೆ ಬಂದ ಚೆಂಡನ್ನು ಅದೇ ಕಾಲಿನಲ್ಲಿ ನಿಲ್ಲಿಸುವುದು, ಸಣ್ಣ ಜಾಗದಲ್ಲಿ ಮೂವರಿಗೆ ಮೂವರ ಆಟ. ಸೋಲು ಗೆಲುವಿನ ಲೆಕ್ಕವಿಲ್ಲದಾಗ ಹುಡುಗರು ಹೊಸತನ್ನು ಪ್ರಯತ್ನಿಸುತ್ತಾರೆ.

ಜಿಲ್ಲೆಯ ತೃಕ್ಕರಿಪುರ ಭಾಗದಿಂದ ಒಳ್ಳೊಳ್ಳೆಯ ಆಟಗಾರರು ಬಂದಿದ್ದಾರೆ. 2016ರ ಡಿಸೆಂಬರ್ 18ರಂದು ಐಎಸ್‌ಎಲ್‌ನ ಫೈನಲಿನಲ್ಲಿ ಕೇರಳ ಬ್ಲಾಸ್ಟರ್ಸ್ ತಂಡಕ್ಕೆ ತಲೆಯಿಂದ ಗೋಲು ಹೊಡೆದ ಮೊಹಮ್ಮದ್ ರಫಿ ಅಲ್ಲಿಯವರೇ.

ಮಳೆಯಲ್ಲಿ ಆಡಿಸುವಾಗ ಎರಡು ಎಚ್ಚರಿಕೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಕೂಡಲೇ ಆಟ ನಿಲ್ಲಿಸಿ ಕಟ್ಟಡದೊಳಗೆ ಹೋಗಬೇಕು, ಮರದಡಿಗೆ ಹೋಗಬಾರದು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. ಇನ್ನೊಂದು ಇಲಿಜ್ವರ, ಮಲಯಾಳದಲ್ಲಿ ಎಲಿಪ್ಪನಿ. ಕಾಲಿನಲ್ಲಿ ಗಾಯವಿರುವ ಮಕ್ಕಳನ್ನು ನೀರು ನಿಂತ ಮೈದಾನಕ್ಕೆ ಇಳಿಸಬಾರದು. ಮಳೆನೀರಿನಲ್ಲಿ ಆಡಿದವರಿಗೆ ಜ್ವರ, ಮೈಕೈ ನೋವು ಬಂದರೆ ವೈದ್ಯರಲ್ಲಿ ಆಡಿದ ಸಂಗತಿಯನ್ನೂ ಹೇಳಬೇಕು.

ಸೆಪ್ಟೆಂಬರ್ ಹೊತ್ತಿಗೆ ಮಳೆ ಕಡಿಮೆಯಾದಾಗ ಒಮ್ಮೆಲೇ ಪೂರ್ಣ ಪಂದ್ಯ ಬೇಡ. ಮೊದಲೆರಡು ವಾರ ಅರ್ಧ ಹೊತ್ತು ಆಡಿಸಿ, ಆಮೇಲೆ ಏರಿಸಬಹುದು. ಹೊರಡುವ ಮೊದಲು ಕಳೆದ ವರ್ಷದ ಬೂಟನ್ನು ಹಾಕಿಸಿ ನೋಡುವುದು ಒಳ್ಳೆಯದು. ಹುಡುಗನ ಜೊತೆ ಪಾದವೂ ಬೆಳೆದಿರುತ್ತದೆ, ಹಿಮ್ಮಡಿ ನೋವಿಗೆ ಬಿಗಿ ಬೂಟೂ ಒಂದು ಕಾರಣ.