ಮೂತ್ರಪಿಂಡ ಕಾಯಿಲೆಯ ಚಯಾಪಚಯ ತೊಂದರೆಗಳು: ಹೊಸೂರು–ಕೃಷ್ಣಗಿರಿ ಸೀಮೆ

ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯಲ್ಲಿ ರಕ್ತದ ಕಲ್ಮಶ ಒಳಗೇ ಉಳಿಯುವುದರ ಜೊತೆಗೆ ಆಮ್ಲ, ಪೊಟ್ಯಾಸಿಯಂ, ರಂಜಕ, ಸುಣ್ಣದಂಶಗಳ ಹದವೂ ತಪ್ಪುತ್ತದೆ. ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುವ ಹೊಸೂರು–ಕೃಷ್ಣಗಿರಿ ಸೀಮೆಯಲ್ಲಿ ಇದರ ಚರಿತ್ರೆಯನ್ನು ಕೊಳವೆಬಾವಿ ಮತ್ತು ಅಡುಗೆಮನೆ ಬಿಟ್ಟು ಹೇಳಲಾಗದು.

ಲಂಡನ್ನಿನ ರಿಚರ್ಡ್ ಬ್ರೈಟ್ 1827ರಲ್ಲಿ ಈ ಕಾಯಿಲೆಯನ್ನು ವಿವರಿಸಿದ. ಆದರೆ ಇದರಿಂದಾಗುವ ಮೂಳೆ ಸವೆತದ ಗುಟ್ಟು ಬಿಚ್ಚಿಕೊಂಡದ್ದು ಬಹಳ ತಡವಾಗಿ. ವಿಟಮಿನ್ ಡಿ ಸಕ್ರಿಯ ರೂಪ ತಾಳುವುದು ಮೂತ್ರಪಿಂಡದಲ್ಲೇ ಎಂದು ಫ್ರೇಸರ್ ಮತ್ತು ಕೊಡಿಚೆಕ್ ತೋರಿಸಿದ್ದು 1970ರಲ್ಲಿ. ಆ ಸಕ್ರಿಯ ವಿಟಮಿನ್ ಸಾಲದಾದಾಗ, ರಂಜಕ ಏರಿದಾಗ, ಪ್ಯಾರಾಥೈರಾಯ್ಡ್ ಗ್ರಂಥಿಗಳು ಕೆರಳಿ ಮೂಳೆಯಿಂದಲೇ ಸುಣ್ಣ ಕೀಳುತ್ತವೆ.

ಈ ಸೀಮೆಯಲ್ಲಿ ಮೂಳೆಗೆ ಇನ್ನೊಂದು ಶತ್ರುವಿದೆ: ಅಂತರ್ಜಲದ ಫ್ಲೋರೈಡ್. ಮದ್ರಾಸ್ ಪ್ರೆಸಿಡೆನ್ಸಿಯ ನೆಲ್ಲೂರು ಭಾಗದಲ್ಲಿ ಅದರಿಂದ ಬರುವ ಫ್ಲೋರೋಸಿಸ್ ಕಾಯಿಲೆ ವರದಿಯಾದದ್ದು 1937ರಲ್ಲಿ. ಕೃಷ್ಣಗಿರಿ, ಧರ್ಮಪುರಿಗಳ ಅನೇಕ ಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿತ್ತು. ಫ್ಲೋರೈಡನ್ನು ಹೊರಹಾಕುವ ಮುಖ್ಯ ದಾರಿ ಮೂತ್ರಪಿಂಡವೇ. ಅದು ಸೋತರೆ ಅದೇ ನೀರು ಇನ್ನಷ್ಟು ಹಾನಿಮಾಡುತ್ತದೆ. ಈ ಭಾಗಕ್ಕೆಂದು 2008ರಲ್ಲಿ ಶಂಕುಸ್ಥಾಪನೆಯಾಗಿ 2013ರಲ್ಲಿ ಉದ್ಘಾಟನೆಯಾದ ಹೊಗೇನಕಲ್ ಕುಡಿಯುವ ನೀರಿನ ಯೋಜನೆಯನ್ನು ಕರ್ನಾಟಕದವರು ಗಡಿಜಗಳವೆಂದೇ ನೆನೆಯುತ್ತಾರೆ. ಜಪಾನಿನ ಸಾಲದ ನೆರವಿನ ಆ ಯೋಜನೆಯ ಹೆಸರಲ್ಲೇ ಫ್ಲೋರೋಸಿಸ್ ತಡೆಯೂ ಸೇರಿತ್ತೆಂಬುದು ಆ ಗದ್ದಲದಲ್ಲಿ ಮರೆಯಾಯಿತು.

ಪಥ್ಯದಲ್ಲಿ ಇಲ್ಲಿನ ಊಟವೇ ತೊಡಕು. ಪೊಟ್ಯಾಸಿಯಂ ತಗ್ಗಿಸಲು ಸೊಪ್ಪು, ಕಾಳು ಬೇಯಿಸಿ ನೀರು ಚೆಲ್ಲಿ ಎಂಬುದು ಎಲ್ಲೆಡೆಯ ಸಲಹೆ. ಆದರೆ ರಾಗಿಮುದ್ದೆಯ ಮನೆಗಳಲ್ಲಿ ಬಸಿದ ಆ ಕಟ್ಟೇ ಬಸ್ಸಾರು! ಚೆಲ್ಲಬೇಕಾದ ಪೊಟ್ಯಾಸಿಯಂ ತಟ್ಟೆಗೇ ಮರಳುತ್ತದೆ. ಪಥ್ಯದ ಚೀಟಿ ಬರೆಯುವವರು ಇದನ್ನು ಕೇಳಿಯೇ ಬರೆಯಬೇಕು.

ಔಷಧಗಳಲ್ಲಿ ಹಳೆಯದು ಅಡಿಗೆ ಸೋಡಾದ ಮಾತ್ರೆ, ಅಂದರೆ ಸೋಡಿಯಂ ಬೈಕಾರ್ಬನೇಟ್. ಅದು ಆಮ್ಲವನ್ನು ತಣಿಸುತ್ತದೆ. ರಂಜಕ ತಡೆಯಲು ಹಿಂದೆ ಕೊಡುತ್ತಿದ್ದ ಅಲ್ಯೂಮಿನಿಯಂ ಮಿದುಳು, ಮೂಳೆಗಳನ್ನು ಕೆಡಿಸುವುದು 1970ರ ದಶಕದಲ್ಲಿ ತಿಳಿದುಬಂತು. ಕ್ಯಾಲ್ಸಿಯಂ ಅಸಿಟೇಟ್, ಸೆವೆಲಮರ್ ಆ ಜಾಗಕ್ಕೆ ಬಂದವು; ಇವನ್ನು ಊಟದೊಂದಿಗೇ ನುಂಗಬೇಕು. ರಕ್ತಹೀನತೆಗೆ ಎರಿತ್ರೋಪೊಯಿಟಿನ್ ಚುಚ್ಚುಮದ್ದು 1989ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು.

ವಾರಕ್ಕೆ ಎರಡು ಮೂರು ಸಲ ಯಂತ್ರದ ಡಯಾಲಿಸಿಸ್‌ಗೆಂದು ಪಟ್ಟಣಕ್ಕೆ ಓಡಾಡುವುದು ಹಳ್ಳಿಗರ ಕೂಲಿಯನ್ನೇ ತಿನ್ನುತ್ತದೆ. ತಮಿಳುನಾಡು ಸರ್ಕಾರ 2021ರ ಆಗಸ್ಟ್ 5ರಂದು ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳ ಜೊತೆ ಹೊಟ್ಟೆಯ ಮೂಲಕ ನಡೆಸುವ ಡಯಾಲಿಸಿಸ್‌ನ ದ್ರವದ ಚೀಲಗಳನ್ನೂ ಮನೆಗೆ ಮುಟ್ಟಿಸುವ ಏರ್ಪಾಡು ಮಾಡಿತು. ಆ ದ್ರವದಲ್ಲಿ ಸಾಮಾನ್ಯವಾಗಿ ಗ್ಲೂಕೋಸ್ ಇರುವುದರಿಂದ ಮಧುಮೇಹಿಗಳ ಸಕ್ಕರೆ ಏರುತ್ತದೆ. ಪೊಟ್ಯಾಸಿಯಂ ಮಾತ್ರ ದಿನವೂ ಹೊರಹೋಗುವುದರಿಂದ ಕೆಲವರಲ್ಲಿ ಅದು ಕಡಿಮೆಯೇ ಆಗಿ, ಅಂಥವರಿಗೆ ಹಣ್ಣು, ಸೊಪ್ಪಿನ ಪಥ್ಯವನ್ನು ವೈದ್ಯರು ಸಡಿಲಿಸುತ್ತಾರೆ.