ಮೋಟಾರ್‌ಸೈಕಲ್ ಸಸ್ಪೆನ್ಷನ್
ರಸ್ತೆಯ ಏರುಪೇರಿನ ಹೊಡೆತ ತಗ್ಗಿಸಿ, ಚಕ್ರಗಳು ನೆಲ ಬಿಡದಂತೆ ನೋಡಿಕೊಳ್ಳುವ ಸ್ಪ್ರಿಂಗ್ ಮತ್ತು ಡ್ಯಾಂಪರ್‌ಗಳ ವ್ಯವಸ್ಥೆ. ಎಣ್ಣೆಯ ತಡೆಯುಳ್ಳ ಟೆಲಿಸ್ಕೋಪಿಕ್ ಫೋರ್ಕ್ 1935ರಲ್ಲಿ ಬಿಎಂಡಬ್ಲ್ಯು ಆರ್12ರೊಂದಿಗೆ ಮಾರುಕಟ್ಟೆಗೆ ಬಂತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳಲ್ಲಿ ಮುಂದೆ ಟೆಲಿಸ್ಕೋಪಿಕ್ ಫೋರ್ಕ್, ಹಿಂದೆ ಸ್ವಿಂಗ್ ಆರ್ಮ್‌ಗೆ ಜೋಡಿ ಶಾಕ್ ಅಬ್ಸಾರ್ಬರ್ ಇದ್ದವು. ಸ್ಪ್ರಿಂಗ್ ಹೊಡೆತವನ್ನು ತಾಳುತ್ತದೆ. ಕಿರುರಂಧ್ರಗಳಲ್ಲಿ ಹಾಯುವ ಎಣ್ಣೆ ಅದರ ಕುಣಿತವನ್ನು ಹತ್ತಿಕ್ಕುತ್ತದೆ. ಹಿಂಬದಿ ಸವಾರರಿದ್ದಾಗ ಶಾಕ್‌ನ ಕಾಲರ್ ತಿರುಗಿಸಿ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಅದುಮಿಟ್ಟಿರುವ ಪ್ರಮಾಣ) ಹೆಚ್ಚಿಸುತ್ತಾರೆ. ಇದರಿಂದ ಸ್ಪ್ರಿಂಗೇ ಬಿರುಸಾಗುತ್ತದೆಂಬ ತಿಳಿವಳಿಕೆ ವ್ಯಾಪಕವಾದರೂ ತಪ್ಪು. ಬದಲಾಗುವುದು ಸವಾರನ ಭಾರಕ್ಕೆ ಬೈಕು ತಗ್ಗುವ ಮಟ್ಟ; ರಸ್ತೆ ಬೈಕುಗಳಲ್ಲಿ ಅದು ಸಾಮಾನ್ಯವಾಗಿ ಒಟ್ಟು ಚಲನೆಯ ಕಾಲುಭಾಗದಿಂದ ಮೂರನೇ ಒಂದು ಭಾಗ. ಫೋರ್ಕ್ ಎಣ್ಣೆ ಮಂದವಾದಷ್ಟೂ ಚಲನೆ ನಿಧಾನ.